ಎಳೆಯ ಮಕ್ಕಳ ತಾಯಂದಿರ ಮನೋಭಾರ ಮತ್ತು ದೂರದಿಂದ ನಡೆಯುವ ಚಿತ್ರಕಲಾ ಚಿಕಿತ್ಸೆ

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಎಣ್ಣೆ ತಿಕ್ಕಿ ಎರೆಯುವ ಬಿಸಿನೀರು, ಸಾಂಬ್ರಾಣಿಯ ಹೊಗೆ, ಪಥ್ಯದ ಊಟ, ಅಂಟಿನುಂಡಿ, ಗಾಳಿ ತಾಗದಂತೆ ಕಿವಿಗೆ ಕಟ್ಟಿದ ಬಟ್ಟೆ ಇವೆಲ್ಲ ಬಾಣಂತನದ ಹೊರಲಕ್ಷಣಗಳು. ಇವುಗಳಲ್ಲಿ ಉಪಯುಕ್ತವಾದುದೆಷ್ಟು, ಕೇವಲ ರೂಢಿಯಾದುದೆಷ್ಟು ಎಂಬುದನ್ನು ವೈದ್ಯರು ಚರ್ಚಿಸಲಿ. ಇವುಗಳ ಮರೆಯಲ್ಲಿ ಇನ್ನೊಂದು ಏರ್ಪಾಡು ಅಡಗಿತ್ತು. ಮೂರು ಅಥವಾ ಐದು ತಿಂಗಳ ಕಾಲ ಕೂಸನ್ನು ಎತ್ತಿಕೊಳ್ಳಲು ತಾಯಿಯ ಕೈಗಳಲ್ಲದೆ ಬೇರೆ ಕೈಗಳೂ ಮನೆಯಲ್ಲಿರುತ್ತಿದ್ದವು. ರಾತ್ರಿ ಕೂಸು ಅತ್ತರೆ ಅಜ್ಜಿ ಎದ್ದು ತೊಟ್ಟಿಲು ತೂಗುತ್ತಿದ್ದಳು. ಬಾಣಂತಿ ಹಗಲಿನಲ್ಲಿ ಕಣ್ಣುಮುಚ್ಚಿದರೆ ಅದನ್ನು ಯಾರೂ ಸೋಮಾರಿತನವೆನ್ನುತ್ತಿರಲಿಲ್ಲ.

ಇಂದು ಆ ಏರ್ಪಾಡು ಅನೇಕ ಮನೆಗಳಲ್ಲಿ ಸಡಿಲಿದೆ. ಬೆಂಗಳೂರಿನ ಬಹುಮಹಡಿ ಕಟ್ಟಡದ ಒಂಬತ್ತನೆಯ ಅಂತಸ್ತಿನಲ್ಲಿ, ಹುಬ್ಬಳ್ಳಿಯ ಹೊಸ ಬಡಾವಣೆಯ ಬಾಡಿಗೆ ಮನೆಯಲ್ಲಿ, ಕಡಲಾಚೆಯ ಡಲ್ಲಾಸ್‌ನಲ್ಲೋ ದುಬೈಯಲ್ಲೋ, ಬೆಳಗಿನಿಂದ ಸಂಜೆಯವರೆಗೆ ಒಂದು ಕೂಸು, ಒಬ್ಬ ತಾಯಿ, ಮುಚ್ಚಿದ ಒಂದು ಬಾಗಿಲು ಇಷ್ಟೇ ಉಳಿದಿರುತ್ತವೆ. ವೀಸಾದ ಅವಧಿ ಮುಗಿದೊಡನೆ ತವರಿನಿಂದ ಬಂದ ತಾಯಿ ಮರಳಬೇಕು. ಒಂದೇ ಊರಿನಲ್ಲಿದ್ದರೂ ಆಕೆಯೂ ಇಂದು ನೌಕರಿಯಲ್ಲಿರಬಹುದು. ಹಾಗೆಂದು ಹಳೆಯ ಕಾಲವನ್ನು ಹೊಗಳುತ್ತ ಕುಳಿತರೆ ಸತ್ಯಕ್ಕೆ ಅಪಚಾರವಾದೀತು. ತುಂಬಿದ ಮನೆಯಲ್ಲಿಯೂ ಹೆಣ್ಣುಮಗಳು ತನ್ನ ದುಗುಡವನ್ನು ಎದುರಿಗಿದ್ದವರಿಗೆ ಹೇಳಲಾರದೆ ಬೀಸುವ ಕಲ್ಲಿಗೆ ಹೇಳಿಕೊಂಡಳೆಂಬುದಕ್ಕೆ 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಸಾಕ್ಷಿಯಾಗಿದೆ. ಕೈ ಒಂದು ಕೆಲಸದಲ್ಲಿ ತೊಡಗಿದಾಗ ಮನಸ್ಸಿನ ಕಟ್ಟು ಬಿಚ್ಚುತ್ತದೆಂಬ ಸಂಗತಿಯನ್ನು ಆ ಹೆಣ್ಣುಮಕ್ಕಳು ಬಲ್ಲವರಾಗಿದ್ದರು. ಎಳೆಯ ಮಕ್ಕಳ ತಾಯಂದಿರಿಗಾಗಿ ಈಗ ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ, ಅಂದರೆ ಆನ್‌ಲೈನ್‌ನಲ್ಲಿ, ನಡೆಯುವ ಚಿತ್ರಕಲಾ ಚಿಕಿತ್ಸೆಯೂ ಇದೇ ಸಂಗತಿಯನ್ನು ಆಧರಿಸಿದೆ.

ಮೊದಲಿಗೆ ಕಾಯಿಲೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಕ್ಷಣಕ್ಕೊಂದು ಬಗೆಯಾಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಂಡುಬರುತ್ತದೆ. ಎರಡು ವಾರಗಳೊಳಗೆ ಅದು ತಾನಾಗಿ ಇಳಿಯುತ್ತದೆ. ಅದು ರೋಗವಲ್ಲ. ಇನ್ನೊಂದು ತುದಿಯಲ್ಲಿ, ಸಾವಿರ ಹೆರಿಗೆಗಳಿಗೆ ಒಬ್ಬರು ಇಬ್ಬರು ತಾಯಂದಿರಲ್ಲಿ ಬುದ್ಧಿಭ್ರಮೆಯ ರೂಪದ ತೀವ್ರ ಕಾಯಿಲೆ ಹಠಾತ್ತಾಗಿ ತಲೆದೋರುತ್ತದೆ. ಅದಕ್ಕೆ ಆಸ್ಪತ್ರೆಯೇ ಗತಿ, ಅದೂ ತಡವಿಲ್ಲದೆ. ಇವೆರಡರ ನಡುವೆ ಇರುವುದು ಪ್ರಸವಾನಂತರದ ಖಿನ್ನತೆ. ಹೆರಿಗೆಯಾದ ತಾಯಂದಿರಲ್ಲಿ ಶೇಕಡ 13ರಷ್ಟು ಮಂದಿ ಮಾನಸಿಕ ಅಸ್ವಾಸ್ಥ್ಯಕ್ಕೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆಂದೂ ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇಕಡ 19.8 ಇದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಶೇಕಡ 22 ಎಂಬ ಅಂಕಿಯನ್ನು ನೀಡಿತು. ಅಂದರೆ ಐವರು ತಾಯಂದಿರಲ್ಲಿ ಒಬ್ಬಾಕೆ. ಖಿನ್ನತೆಯ ಗೆರೆಯನ್ನು ಮುಟ್ಟದೆ, ನಿದ್ರೆಗೆಟ್ಟು, ಸಣ್ಣ ಮಾತಿಗೂ ಸಿಡಿಮಿಡಿಗೊಂಡು, ಅನಂತರ ಅದಕ್ಕಾಗಿ ಅತ್ತು ದಿನ ನೂಕುವ ತಾಯಂದಿರು ಈ ಲೆಕ್ಕದ ಹೊರಗಿದ್ದಾರೆ. ಮಗುವನ್ನು ಶಿಶುವಿಹಾರದ ಬಾಗಿಲಿಗೆ ತಂದುಬಿಡುವ ತಾಯಿಯ ಮುಖವನ್ನು ದಿನವೂ ಕಾಣುವ ಶಿಕ್ಷಕಿಯರಿಗೆ ಇದು ಹೊಸ ವಿಷಯವಾಗಿರಲಾರದು.

ಇಷ್ಟು ವ್ಯಾಪಕವಾದ ಕಷ್ಟ ಬೆಳಕಿಗೆ ಬಾರದಿರುವುದೇಕೆ? ನಾಚಿಕೆಯೇ ಇದಕ್ಕೆ ಮುಖ್ಯ ಕಾರಣ. ತಾಯ್ತನವೆಂದರೆ ಆನಂದವೇ ಎಂದು ಜಗತ್ತೆಲ್ಲ ಸಾರುತ್ತಿರುವಾಗ, ತನ್ನ ಕೂಸು ಅಳುವುದನ್ನು ಕೇಳಿದರೆ ಓಡಿಹೋಗಬೇಕೆನಿಸುತ್ತದೆಂದು ಹೇಳುವ ಧೈರ್ಯ ಯಾವ ತಾಯಿಗಿದ್ದೀತು? ಇಂಗ್ಲೆಂಡಿನ ಮಕ್ಕಳ ವೈದ್ಯನೂ ಮನೋವಿಶ್ಲೇಷಕನೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1949ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಸಾಮಾನ್ಯಳಾದ ತಾಯಿಗೆ ತನ್ನ ಕೂಸಿನ ಮೇಲೆ ಆಗಾಗ ದ್ವೇಷವುಂಟಾಗಲು 18 ಕಾರಣಗಳಿವೆಯೆಂದು ಪಟ್ಟಿಮಾಡಿದನು. ಆತ ತಾಯಂದಿರನ್ನು ಹಳಿಯಲಿಲ್ಲ. ಇಂಥ ಭಾವ ಹುಟ್ಟುವುದು ಸಹಜ, ಅದನ್ನು ಒಪ್ಪಿಕೊಂಡ ತಾಯಿ ಅದನ್ನು ಕೂಸಿನ ಮೇಲೆ ತೀರಿಸಿಕೊಳ್ಳದೆ ತಾಳಿಕೊಳ್ಳಬಲ್ಲಳು ಎಂಬುದು ಆತನ ಅಭಿಪ್ರಾಯವಾಗಿತ್ತು. ಪರಿಪೂರ್ಣ ತಾಯಿ ಬೇಡ, ಸಾಕೆನಿಸುವಷ್ಟು ಒಳ್ಳೆಯ ತಾಯಿ ಇದ್ದರೆ ಮಗು ಬೆಳೆಯುತ್ತದೆ ಎಂಬ ಆತನ ಮಾತು ಮುಂದೆ ಪ್ರಸಿದ್ಧವಾಯಿತು. ಆದರೆ ಒಪ್ಪಿಕೊಳ್ಳಲು ಮಾತು ಬೇಕು. ಬಾಯಿಗೆ ಬಾರದ ಮಾತಿಗೆ ಬೇರೆ ದಾರಿ ಯಾವುದು? ಇಲ್ಲಿಯೇ ಚಿತ್ರವು ನೆರವಿಗೆ ಬರುತ್ತದೆ.

ಕಲಾ ಚಿಕಿತ್ಸೆ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಕಾರ. 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಸಸೆಕ್ಸ್ ಪ್ರಾಂತದ ಮಿಡ್‌ಹರ್ಸ್ಟ್‌ನ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಆತ ಹಾಸಿಗೆಯ ಮೇಲೆಯೇ ಚಿತ್ರ ಬಿಡಿಸತೊಡಗಿ, ತನ್ನ ಮನಸ್ಸು ಹಗುರಾದುದನ್ನು ಕಂಡು, ಇತರ ರೋಗಿಗಳಿಗೂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೂ ಅದನ್ನು ಕಲಿಸಿದನು. 1946ರಲ್ಲಿ ಎಡ್ವರ್ಡ್ ಆಡಮ್ಸನ್ ಎಂಬ ಚಿತ್ರಕಾರ ಸರ್ರೆ ಪ್ರಾಂತದ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಆತನ ರೀತಿ ವಿಶಿಷ್ಟವಾದುದು. ರೋಗಿಗಳಿಗೆ ಕಾಗದ, ಬಣ್ಣ, ಕುಳಿತುಕೊಳ್ಳಲು ಜಾಗ ಇಷ್ಟನ್ನು ಒದಗಿಸಿ, ಅವರ ಚಿತ್ರಗಳಿಗೆ ತಾನು ಅರ್ಥ ಹೇಳದೆ ಸುಮ್ಮನೆ ಜೊತೆಗಿರುತ್ತಿದ್ದನು. ಅಮೆರಿಕದಲ್ಲಿ ಮಾರ್ಗರೆಟ್ ನೌಂಬರ್ಗ್ 1940ರ ದಶಕದಲ್ಲಿ, ಚಿತ್ರವು ಒಳಮನಸ್ಸಿನ ಭಾಷೆ, ಅದರ ಅರ್ಥವನ್ನು ಬಿಡಿಸಿದವರೇ ಹೇಳಬೇಕು ಎಂಬ ಮತವನ್ನು ಮುಂದಿಟ್ಟಳು. ವಿಯೆನ್ನಾ ಮೂಲದ ಈಡಿತ್ ಕ್ರೇಮರ್ ಅರ್ಥಕ್ಕಿಂತಲೂ ಬಿಡಿಸುವ ಕ್ರಿಯೆಯೇ ಗುಣಕಾರಿ ಎಂದಳು. ಈ ಎರಡು ಮತಗಳ ನಡುವಿನ ವಾದ ಇಂದಿಗೂ ಮುಗಿದಿಲ್ಲ. ಬಹುಮಂದಿ ಚಿಕಿತ್ಸಕರು ಸಂದರ್ಭ ನೋಡಿ ಎರಡನ್ನೂ ಬಳಸುತ್ತಾರೆ. ಬ್ರಿಟನ್ನಿನಲ್ಲಿ 1964ರಲ್ಲಿಯೂ ಅಮೆರಿಕದಲ್ಲಿ 1969ರಲ್ಲಿಯೂ ಕಲಾ ಚಿಕಿತ್ಸಕರ ಸಂಘಗಳು ಸ್ಥಾಪನೆಯಾದವು. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ತಮ್ಮನ್ನು ಕಲಾ ಚಿಕಿತ್ಸಕರೆಂದು ಕರೆದುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ತಾಯಂದಿರ ವಿಷಯದಲ್ಲಿ ವಿಶೇಷವಾಗಿ ದುಡಿದವರಲ್ಲಿ ಡರ್ಬಿ ವಿಶ್ವವಿದ್ಯಾಲಯದ ಸೂಸನ್ ಹೋಗನ್ ಮುಖ್ಯರು. ಗರ್ಭಿಣಿಯರ ಮತ್ತು ಹೊಸ ತಾಯಂದಿರ ಚಿತ್ರಗುಂಪುಗಳನ್ನು ನಡೆಸಿ, ಹೆರಿಗೆಯ ಅನುಭವವನ್ನು ಹೆಣ್ಣುಮಕ್ಕಳು ಚಿತ್ರದ ಮೂಲಕ ಹೇಗೆ ನಿರೂಪಿಸಬಲ್ಲರೆಂಬುದನ್ನು ಅವರು ಪರಿಶೀಲಿಸಿದ್ದಾರೆ.

ಚಿಕಿತ್ಸೆಯ ಒಂದು ಬೈಠಕ್ಕು ಹೇಗೆ ನಡೆಯುತ್ತದೆಂಬುದನ್ನು ಉದಾಹರಣೆಯಿಂದ ತಿಳಿಯಬಹುದು. ಐದಾರು ಜನ ತಾಯಂದಿರು ಸೇರಿದ್ದಾರೆನ್ನಿ. ತಮ್ಮ ಈಗಿನ ದಿನಗಳನ್ನು ಒಂದು ಮನೆಯಾಗಿ ಬರೆಯಿರೆಂದು ಚಿಕಿತ್ಸಕಿ ಹೇಳುತ್ತಾಳೆ. ಚಿತ್ರ ಬರೆಯಲು ಬಾರದೆಂಬುದು ಎಲ್ಲರ ಮೊದಲ ಮಾತು. ಬಾರದಿದ್ದರೆ ಒಳ್ಳೆಯದೇ, ಅಂದವಾಗಿ ಬರೆಯಬಲ್ಲವರು ಅಂದದ ಹಿಂದೆ ಅಡಗಿಕೊಳ್ಳುವುದುಂಟು. ಒಬ್ಬಾಕೆ ಬಾಗಿಲಿಲ್ಲದ ಮನೆಯನ್ನು ಬರೆಯುತ್ತಾಳೆ. ಅರೆತಿಳಿವಿನವನಾದರೆ ಬಾಗಿಲಿಲ್ಲದ ಮನೆ ಸೆರೆಮನೆಯ ಸಂಕೇತವೆಂದು ಕೂಡಲೇ ತೀರ್ಪು ಕೊಟ್ಟುಬಿಟ್ಟಾನು. ತರಬೇತಾದ ಚಿಕಿತ್ಸಕಿ ಹಾಗೆ ಮಾಡುವುದಿಲ್ಲ. ‘ಈ ಮನೆಯಲ್ಲಿ ನೀವು ಎಲ್ಲಿದ್ದೀರಿ?’ ಎಂದಷ್ಟೇ ಕೇಳುತ್ತಾಳೆ. ಆ ತಾಯಿ ಕಾಗದವನ್ನು ನೋಡುತ್ತ ನೋಡುತ್ತ, ಎಲ್ಲ ಕೋಣೆಗಳನ್ನೂ ಬರೆದು ತನ್ನನ್ನು ಬರೆಯುವುದನ್ನೇ ಮರೆತುದನ್ನು ತಾನೇ ಕಂಡುಕೊಳ್ಳಬಹುದು. ‘ನಿಮಗೇನು ಕಷ್ಟ?’ ಎಂದು ನೇರವಾಗಿ ಕೇಳಿದ್ದರೆ ಏನೂ ಇಲ್ಲವೆಂದು ಉತ್ತರಿಸುತ್ತಿದ್ದಳು. ಕಾಗದದ ಮೇಲಿರುವುದು ತನ್ನದೇ ಆದರೂ ತನ್ನಿಂದ ಒಂದು ಮೊಳ ದೂರದಲ್ಲಿದೆ. ಅದನ್ನು ಕುರಿತು ಮಾತಾಡುವುದು ತನ್ನನ್ನು ಕುರಿತು ಮಾತಾಡುವುದಕ್ಕಿಂತ ಸುಲಭ. ಇನ್ನೊಬ್ಬ ತಾಯಿ ಆ ಚಿತ್ರವನ್ನು ನೋಡಿ ತನ್ನದೂ ಇಂಥದೇ ಮನೆಯೆಂದರೆ, ಒಂಟಿತನದ ಅರ್ಧ ಭಾರ ಅಲ್ಲಿಗೇ ಇಳಿಯಿತು. ಕೆಲವೊಮ್ಮೆ ತಾಯಿ ಮತ್ತು ಮಗು ಕೂಡಿಯೇ ಬಣ್ಣ ಹಚ್ಚುವ ಕ್ರಮವೂ ಇದೆ. ಕೆನಡಾದ ಲೂಸಿಲ್ ಪ್ರೂಲ್ 2003ರಲ್ಲಿ ಇಂಥ ಜೋಡಿ ಚಿಕಿತ್ಸೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು.

ಅಂಗಡಿಯಲ್ಲಿ ಸಿಗುವ ಬಣ್ಣ ತುಂಬುವ ಪುಸ್ತಕಗಳಿಗೂ ಈ ಚಿಕಿತ್ಸೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಅಮೆರಿಕದ ನಾಕ್ಸ್ ಕಾಲೇಜಿನಲ್ಲಿ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 2005ರಲ್ಲಿ 84 ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ, ಖಾಲಿ ಹಾಳೆಗೆ ಮನಬಂದಂತೆ ಬಣ್ಣ ಹಚ್ಚುವುದಕ್ಕಿಂತ ಮಂಡಲ ಅಥವಾ ಚೌಕಳಿಯಂಥ ಕಟ್ಟಿನೊಳಗೆ ಬಣ್ಣ ತುಂಬಿದಾಗ ಆತಂಕ ಹೆಚ್ಚು ಇಳಿಯಿತೆಂದು ತೋರಿಸಿದರು. ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಹೆಣ್ಣುಮಕ್ಕಳಿಗೆ ಈ ಫಲಿತಾಂಶ ಆಶ್ಚರ್ಯವನ್ನುಂಟುಮಾಡಲಾರದು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವವರಿಗೂ ಅಷ್ಟೇ. ಆದರೆ ಆತಂಕ ಒಂದು ಗಳಿಗೆ ಇಳಿಯುವುದು ಬೇರೆ, ಚಿಕಿತ್ಸೆ ಬೇರೆ. ರಂಗೋಲಿ, ಕೌದಿ, ಬಣ್ಣದ ಪುಸ್ತಕ ಇವು ವಿಶ್ರಾಂತಿ ಕೊಡುತ್ತವೆ. ಚಿಕಿತ್ಸೆಯಲ್ಲಿ ಚಿತ್ರದ ಜೊತೆಗೆ, ಅದನ್ನು ಅವಸರವಿಲ್ಲದೆ ನೋಡುವ, ಅದರಿಂದ ಹೊರಬಿದ್ದುದನ್ನು ಹೊರಬಲ್ಲ ತರಬೇತಾದ ಒಬ್ಬ ವ್ಯಕ್ತಿ ಇರಬೇಕು. ಆ ವ್ಯಕ್ತಿಯಿಲ್ಲದೆ ಬರಿಯ ಬಣ್ಣವನ್ನು ಚಿಕಿತ್ಸೆಯೆಂದು ಮಾರುವುದು ವ್ಯಾಪಾರದ ಮಾತು.

ಈ ವ್ಯಕ್ತಿ ದೂರದಲ್ಲಿದ್ದರೆ ಆದೀತೆ? ಈ ಪ್ರಶ್ನೆ ಕೊರೋನಾದೊಂದಿಗೆ ಹುಟ್ಟಿದುದಲ್ಲ. 1999ರಲ್ಲಿಯೇ ಕೆನಡಾದ ಕೇಟ್ ಕೋಲಿ ಮತ್ತು ದಾವೋರ್ ಚುಬ್ರಾನಿಚ್ ಕಂಪ್ಯೂಟರ್ ಮೂಲಕ ದೂರದಿಂದ ಕಲಾ ಚಿಕಿತ್ಸೆ ನಡೆಸುವ ಬಗೆಯನ್ನು ಕುರಿತು ಲೇಖನ ಪ್ರಕಟಿಸಿದರು. ಮನೆ ಬಿಟ್ಟು ಬರಲಾರದವರು, ನಗರಗಳಿಂದ ದೂರವಿರುವವರು ಅವರ ಗಮನದಲ್ಲಿದ್ದರು. ಮುಂದೆ ಕೋಲಿ ಸ್ತನ ಕ್ಯಾನ್ಸರ್ ಆದ ಸ್ತ್ರೀಯರ ದೂರಗುಂಪುಗಳಿಗಾಗಿ ಮಾರ್ಗಸೂತ್ರಗಳನ್ನೂ ರೂಪಿಸಿದರು. 2020ರಲ್ಲಿ ಜಗತ್ತಿನ ಬಾಗಿಲುಗಳೆಲ್ಲ ಮುಚ್ಚಿದಾಗ, ಕೆಲವರ ಪ್ರಯೋಗವಾಗಿದ್ದುದು ಬಹುಮಂದಿಯ ಅನಿವಾರ್ಯವಾಯಿತು.

ಎಳೆಯ ಮಗುವಿನ ತಾಯಿಗೆ ಈ ಕ್ರಮದಲ್ಲಿ ಸ್ಪಷ್ಟವಾದ ಅನುಕೂಲಗಳಿವೆ. ಚಿಕಿತ್ಸಾಲಯಕ್ಕೆ ಹೋಗಬೇಕಾದರೆ ಆಕೆ ಮೊದಲು ಮಗುವನ್ನು ನೋಡಿಕೊಳ್ಳುವವರನ್ನು ಹುಡುಕಬೇಕು. ಅವರು ಸಿಗದಿರುವುದೇ ಆಕೆಯ ಮೂಲ ಕಷ್ಟ. ಮನೆಯಲ್ಲಿಯೇ ಕುಳಿತರೆ ಮಗು ಮಲಗಿರುವ ಮುಕ್ಕಾಲು ಗಂಟೆ ಸಾಕು. ನಡುವೆ ಮಗು ಎದ್ದರೆ ಕ್ಯಾಮೆರಾ ಆರಿಸಿ ಹಾಲೂಡಿಸಿ ಮತ್ತೆ ಕೂಡಬಹುದು. ಡಲ್ಲಾಸ್‌ನಲ್ಲಿರುವ ಕನ್ನಡದ ತಾಯಿ ಬೆಂಗಳೂರಿನ ಚಿಕಿತ್ಸಕಿಯೊಡನೆ ತನ್ನ ನುಡಿಯಲ್ಲಿಯೇ ಮಾತಾಡಬಹುದಾದ ಸಾಧ್ಯತೆಯೂ ಇದರಿಂದ ತೆರೆದಿದೆ, ಆಯಾ ದೇಶದ ವೃತ್ತಿನಿಯಮಗಳು ಅದಕ್ಕೆ ಅವಕಾಶ ಕೊಡುವ ಮಟ್ಟಿಗೆ. ಸಾಮಗ್ರಿಯೂ ದುಬಾರಿಯಲ್ಲ. ಮಕ್ಕಳ ಮೇಣದ ಬಣ್ಣದ ಕಡ್ಡಿ, ಹಳೆಯ ಪತ್ರಿಕೆ, ಅರಿಸಿನದ ನೀರು, ಚಹಾದ ಡಿಕಾಕ್ಷನ್, ನಾದಿದ ಕಣಕ ಇವೆಲ್ಲ ಕೆಲಸಕ್ಕೆ ಬರುತ್ತವೆ. 

ತೊಡಕುಗಳು ಇದಕ್ಕಿಂತ ಸೂಕ್ಷ್ಮವಾದವು. ಚಿಕಿತ್ಸಾಲಯಕ್ಕೆ ಒಂದು ಬಾಗಿಲಿರುತ್ತದೆ. ಒಳಗೆ ಆಡಿದ ಮಾತು ಒಳಗೇ ಉಳಿಯುತ್ತದೆ. ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಅತ್ತೆಯವರಿದ್ದಾರೆ, ಯಜಮಾನರು ಅಲ್ಲಿಯೇ ಕಚೇರಿಯ ಕೆಲಸದಲ್ಲಿದ್ದಾರೆ. ಹೆಡ್‌ಫೋನ್ ಹಾಕಿಕೊಂಡರೆ ಚಿಕಿತ್ಸಕಿಯ ಮಾತು ಹೊರಗೆ ಕೇಳದು, ತಾಯಿಯ ಮಾತು ಕೇಳಿಯೇ ಕೇಳುತ್ತದೆ. ಅಚ್ಚರಿಯೆಂದರೆ ಚಿತ್ರವು ಇಲ್ಲಿ ಹೊಸದೊಂದು ಬಗೆಯಲ್ಲಿ ಉಪಕಾರಿಯಾಗುತ್ತದೆ. ಗಟ್ಟಿಯಾಗಿ ಹೇಳಲಾಗದುದನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಬಹುದು. ಮತ್ತೆ, ಎದುರಿಗೆ ಕುಳಿತ ಚಿಕಿತ್ಸಕಿಗೆ ಕಾಣುವುದು ಚಿತ್ರವಷ್ಟೇ ಅಲ್ಲ: ಕಡ್ಡಿಯನ್ನು ಎಷ್ಟು ಒತ್ತಿ ಹಿಡಿದರು, ಎಲ್ಲಿ ಕೈ ನಿಂತಿತು, ಯಾವುದನ್ನು ಬರೆದು ಅಳಿಸಿದರು ಎಂಬುದೆಲ್ಲ ಕಾಣುತ್ತದೆ. ಪರದೆಯ ಮೇಲೆ ಬರಿಯ ಮುಖ ಕಂಡರೆ ಇದು ತಪ್ಪಿಹೋಗುತ್ತದೆ. ಆದಕಾರಣ ಫೋನನ್ನು ಒರಗಿಸಿಟ್ಟು ಕ್ಯಾಮೆರಾ ಕೈಯ ಕಡೆಗಿರುವಂತೆ ನೋಡಿಕೊಳ್ಳುವ ರೂಢಿಯಿದೆ. ಬೈಠಕ್ಕಿನ ನಡುವೆ ತಾಯಿ ಕುಸಿದುಬಿದ್ದರೆ ಚಿಕಿತ್ಸಕಿ ಎದ್ದುಹೋಗಿ ಭುಜ ಮುಟ್ಟಲಾರಳು, ಲೋಟ ನೀರು ಕೊಡಲಾರಳು. ಹೀಗಾಗಿ ತಾಯಿ ಇರುವ ಮನೆಯ ವಿಳಾಸವನ್ನೂ ತುರ್ತಿಗೆ ಕರೆಯಬಹುದಾದ ಒಬ್ಬರ ದೂರವಾಣಿ ಸಂಖ್ಯೆಯನ್ನೂ ಮೊದಲ ದಿನವೇ ಬರೆದುಕೊಳ್ಳದ ಚಿಕಿತ್ಸಕರನ್ನು ನಂಬದಿರುವುದೇ ಲೇಸು.

ಇದರಿಂದ ಗುಣವಾಗುತ್ತದೆಯೆ ಎಂಬುದಕ್ಕೆ ಉತ್ತರವನ್ನು ಅಳೆದು ಹೇಳಬೇಕಾಗಿದೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಜೇಡಿಮಣ್ಣು, ಬಣ್ಣ, ಕತ್ತರಿಸಿದ ಕಾಗದಗಳೊಡನೆ ಕೆಲಸಮಾಡಿದರು. ಒತ್ತಡದ ಕಾಲದಲ್ಲಿ ದೇಹದಲ್ಲಿ ಏರುವ ಕಾರ್ಟಿಸೋಲ್ ಎಂಬ ರಸದ ಪ್ರಮಾಣವನ್ನು ಮೊದಲೂ ಅನಂತರವೂ ಅವರ ಜೊಲ್ಲಿನಲ್ಲಿ ಅಳೆದಾಗ ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿತ್ರಕಲೆಯ ಪೂರ್ವಾನುಭವ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಬಾಣಂತಿಯರಲ್ಲ, ಪರದೆಯ ಮುಂದೆ ಕುಳಿತವರೂ ಅಲ್ಲ. ತಾಯಂದಿರನ್ನು ಕುರಿತ ಹೆಚ್ಚು ದೃಢವಾದ ಪ್ರಯೋಗ ಚಿತ್ರದ ಸೋದರಿಯಾದ ಹಾಡಿನದು. ಡೇಸಿ ಫ್ಯಾನ್‌ಕೋರ್ಟ್ ಮತ್ತು ರೋಸಿ ಪರ್ಕಿನ್ಸ್ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಪಾಲಾಗಿಸಿ ಒಂದು ಪಾಲಿಗೆ 10 ವಾರ ಕೂಸಿನೊಂದಿಗೆ ಗುಂಪಿನಲ್ಲಿ ಹಾಡುವ, ಇನ್ನೊಂದಕ್ಕೆ ಆಟವಾಡುವ ಅವಕಾಶ ಕೊಟ್ಟು, ಮೂರನೆಯದನ್ನು ಎಂದಿನ ಆರೈಕೆಗೆ ಬಿಟ್ಟರು. ತಕ್ಕಮಟ್ಟಿಗೆ ತೀವ್ರವಾದ ಖಿನ್ನತೆಯಿದ್ದವರಲ್ಲಿ ಹಾಡಿದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. ಬೇಗ ಎಂಬ ಮಾತು ಇಲ್ಲಿ ಸಣ್ಣದಲ್ಲ. ಕೂಸಿನ ಮೊದಲ ವರ್ಷದಲ್ಲಿ ನಾಲ್ಕು ವಾರವೆಂದರೆ ದೀರ್ಘಕಾಲವೇ. ಈ ಹಾಡಿನ ಕಾರ್ಯಕ್ರಮವೂ 2020ರಲ್ಲಿ ಆನ್‌ಲೈನ್‌ಗೆ ಬಂದಿತು. ದೂರದ ಚಿತ್ರಚಿಕಿತ್ಸೆಯ ಬಗ್ಗೆ ಬಂದಿರುವ ವರದಿಗಳು ಬಹುತೇಕ ಚಿಕ್ಕ ಗುಂಪುಗಳಿಗೆ ಸಂಬಂಧಿಸಿದವು. ಅವು ಭರವಸೆ ಹುಟ್ಟಿಸುತ್ತವೆ, ನಿರ್ಣಯ ನೀಡುವುದಿಲ್ಲ. ತೀವ್ರ ಖಿನ್ನತೆಗೆ ಚಿತ್ರವು ಔಷಧಕ್ಕೆ ಬದಲಿಯಲ್ಲ. ಮಗು ಮಲಗಿದರೂ ತಾಯಿಗೆ ನಿದ್ರೆ ಹತ್ತದಿರುವುದು, ತಾನಿಲ್ಲದಿದ್ದರೆ ಮಗುವಿಗೆ ಒಳ್ಳೆಯದೆಂಬ ಯೋಚನೆ ಸುಳಿಯುವುದು, ಇಲ್ಲದ ಧ್ವನಿಗಳು ಕೇಳುವುದು ಇವು ಕಂಡರೆ ಬಣ್ಣದ ಪೆಟ್ಟಿಗೆಯನ್ನು ಮುಚ್ಚಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಾಲೂಡಿಸುವ ತಾಯಂದಿರಿಗೂ ಕೊಡಬಹುದಾದ ಔಷಧಗಳಿವೆ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ತಳಹದಿ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವಿದೆ. 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ, ಪ್ರಸವಾನಂತರದ ಖಿನ್ನತೆಯನ್ನು ಗುರುತಿಸುವ ಹತ್ತು ಪ್ರಶ್ನೆಗಳ ಅಳತೆಪಟ್ಟಿ ಕನ್ನಡಕ್ಕೂ ಬಂದಿದೆ. ಕಳೆದ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತೆಂದು ಕೇಳುವ ಆ ಪಟ್ಟಿಯನ್ನು ತುಂಬಲು ಐದು ನಿಮಿಷ ಸಾಕು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ಅದು ಕಲಾ ಚಿಕಿತ್ಸೆಯಲ್ಲ. ಆದರೆ ದೂರದಿಂದ ಮನಸ್ಸಿನ ಮಾತಾಡಬಹುದೆಂಬ ನಂಬಿಕೆಯನ್ನು ಅದು ಬೆಳೆಸುತ್ತಿದೆ. ನಿಜವಾದ ಅಡ್ಡಿ ಬೇರೆಡೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸ್ತ್ರೀಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇಕಡ 54. ಎಂದಾದರೂ ಇಂಟರ್ನೆಟ್ ಬಳಸಿದವರು ಶೇಕಡ 33 ಮಾತ್ರ. ಮನೆಗೊಂದೇ ಫೋನು, ಅದೂ ಗಂಡನ ಜೇಬಿನಲ್ಲಿ, ಎಂಬ ಸ್ಥಿತಿಯಲ್ಲಿರುವ ತಾಯಿಗೆ ಆನ್‌ಲೈನ್ ಚಿಕಿತ್ಸೆ ಎಂಬುದು ಇನ್ನೂ ದೂರದ ಮಾತು. ಅಂಥ ಮನೆಗಳಿಗೆ ಇಂದು ಹೊಕ್ಕು ಬರುವವರು ಆಶಾ ಕಾರ್ಯಕರ್ತೆಯರು. ಹೆರಿಗೆಯಾದ 42 ದಿನಗಳೊಳಗೆ ಅವರು ಆರೇಳು ಸಲ ಭೇಟಿ ನೀಡುವ ಕ್ರಮವಿದೆ. ಕೂಸಿನ ತೂಕ, ಹೊಕ್ಕುಳು, ಮೈಬಿಸಿ ನೋಡುವಾಗ ತಾಯಿಯ ನಿದ್ರೆಯನ್ನೂ ವಿಚಾರಿಸಿದರೆ, ಫೋನಿಲ್ಲದ ತಾಯಿಯ ಸುದ್ದಿ ವೈದ್ಯರಿಗೆ ತಲಪುವ ದಾರಿ ಅದೊಂದೇ.

ಉಳಿದುದು ಬರೆದ ಚಿತ್ರಗಳ ಪ್ರಶ್ನೆ. ನೆದರ್ನ್ ಆಸ್ಪತ್ರೆಯಲ್ಲಿ ರೋಗಿಗಳು ಬರೆದವುಗಳನ್ನು ಆಡಮ್ಸನ್ ಕೂಡಿಸಿಟ್ಟನು. ಅವುಗಳಲ್ಲಿ ಸಾವಿರಾರು ಇಂದು ಲಂಡನ್ನಿನ ವೆಲ್ಕಮ್ ಸಂಗ್ರಹದಲ್ಲಿವೆ. ಸಾಮಾನ್ಯವಾದ ಚಿಕಿತ್ಸಾಲಯದಲ್ಲಿಯೂ ಚಿತ್ರಗಳು ಚಿಕಿತ್ಸೆ ಮುಗಿಯುವವರೆಗೆ ಚಿಕಿತ್ಸಕರ ಕಪಾಟಿನಲ್ಲಿರುತ್ತವೆ, ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಆನ್‌ಲೈನ್ ಕ್ರಮದಲ್ಲಿ ಬಾಗಿಲಿಲ್ಲದ ಆ ಮನೆ ಉಳಿಯುವುದು ತಾಯಿಯ ಮನೆಯಲ್ಲಿಯೇ. ಆದುದರಿಂದ ಪ್ರತಿ ಬೈಠಕ್ಕಿನ ಕೊನೆಯ ಐದು ನಿಮಿಷವನ್ನು ಚಿತ್ರವನ್ನು ಎಲ್ಲಿಡಬೇಕೆಂಬ ಮಾತಿಗೇ ಮೀಸಲಿಡುವುದು ಯುಕ್ತ: ಲಕೋಟೆಯಲ್ಲಿ ಹಾಕಿ ಅಂಟಿಸಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡಬಹುದು, ಫೋಟೊ ತೆಗೆದು ಚಿಕಿತ್ಸಕಿಗೆ ಕಳುಹಿಸಿ ಮೂಲವನ್ನು ಹರಿಯಬಹುದು, ಅಥವಾ ಸಂಜೆ ಯಜಮಾನರು ಬಂದಾಗ ಅವರ ಮುಂದಿಡಬಹುದು. ಇವುಗಳಲ್ಲಿ ಯಾವುದೆಂಬುದನ್ನು ತಾಯಿಯೇ ನಿಶ್ಚಯಿಸುತ್ತಾಳೆ.